ಕೋಪ ನುಂಗಿಕೊಂಡರೆ ಸಾಕಾ?

ಕೋಪ ನುಂಗಿ ನಗುನಗುತ್ತಾ ಪಾಠ ಮಾಡೋದೇ ಭಾವನಾತ್ಮಕ ಬುದ್ಧಿವಂತಿಕೆಯಾ, ಅದರಿಂದ ಕೆಲಸ ಸುಧಾರಿಸುತ್ತಾ ಅಂತ ಕೇಳಿದ್ದೀರಿ. ನುಂಗುವುದಲ್ಲ ಮೇಡಂ. 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಸಲೋವಿ ಮತ್ತು ಮೇಯರ್ ಇದನ್ನು ವಿವರಿಸಿದಾಗ ಹೇಳಿದ್ದು, ನಮ್ಮ ಮತ್ತು ಎದುರಿನವರ ಭಾವನೆಯನ್ನು ಗುರುತಿಸಿ, ಅದರ ಸುಳಿವು ಹಿಡಿದು ನಡೆದುಕೊಳ್ಳುವುದು ಅಂತ. ಒಳಗೆ ಕುದಿಯುತ್ತಾ ಮೇಲೆ ನಗುತ್ತಿದ್ದರೆ ಶಿಕ್ಷಕರು ಬೇಗ ಬಸವಳಿಯುತ್ತಾರೆ. ಎಷ್ಟೋ ಅಧ್ಯಯನಗಳು ಇದನ್ನು ತೋರಿಸಿವೆ.

ನಾನು ಮಲೆನಾಡಿನಲ್ಲಿ ಪಾಠ ಮಾಡುತ್ತಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಮೂರು ದಿನ ಹೋಮ್‌ವರ್ಕ್ ತರಲಿಲ್ಲ. ಬೈಯಲು ಹೊರಟವಳು ಅವನ ಕೈ ನೋಡಿದೆ. ಬೆರಳೆಲ್ಲ ಕಪ್ಪು. 'ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿತಿದ್ವಿ ಮಿಸ್' ಅಂದ. ಕೋಪ ಅಲ್ಲೇ ಇಳಿಯಿತು. ಮಧ್ಯಾಹ್ನ ಬಿಸಿಯೂಟ ಆದಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಿಸಿದೆ. ಅಡಿಕೆ ಸುಗ್ಗಿ ಮುಗಿಯುವವರೆಗೂ ಹಾಗೇ ಮಾಡಿದೆವು.

ಕೆಲಸದ ಮೇಲೆ ಪರಿಣಾಮ ಖಂಡಿತ ಇದೆ, ಜನರ ಜೊತೆ ಒಡನಾಟ ಜಾಸ್ತಿ ಇರುವ ಕೆಲಸಗಳಲ್ಲಿ ಇನ್ನೂ ಹೆಚ್ಚು. ಆದರೆ ಒಂದೇ ತರಗತಿಯಲ್ಲಿ ಅರವತ್ತು ಮಕ್ಕಳು, ಮೇಲೆ ದಾಖಲೆ ಬರೆಯುವ ಹೊರೆ ಇದ್ದರೆ, 'ನೀವೇ ತಾಳ್ಮೆ ಕಲೀರಿ' ಅನ್ನುವುದು ಅನ್ಯಾಯ ಅಲ್ವಾ? ನಾಳೆ ಕೋಪ ಬಂದಾಗ ಬೋರ್ಡ್ ಒರೆಸುವಷ್ಟು ಹೊತ್ತು ಸುಮ್ನೆ ತಿರುಗಿ ನಿಲ್ಲಿ. ಆಮೇಲೆ ಆ ಮಗುವನ್ನು ಹತ್ತಿರ ಕರೆದು ಕೇಳಿ.