ಶಾಪರೋನ್‌ಗಳನ್ನು ತಡೆದರೆ ಮಂಗನ ಕಾಯಿಲೆ ನಿಲ್ಲುತ್ತದೆಯೇ?

ವೈರಸ್ಸುಗಳು ನಮ್ಮ ಜೀವಕೋಶದ ಶಾಪರೋನ್‌ಗಳನ್ನೇ, ಎಂದರೆ ಬೇರೆ ಪ್ರೋಟೀನುಗಳು ಸರಿಯಾದ ಆಕಾರಕ್ಕೆ ಮಡಚಿಕೊಳ್ಳಲು ನೆರವಾಗುವ ಪ್ರೋಟೀನುಗಳನ್ನೇ, ದುಡಿಸಿಕೊಳ್ಳುತ್ತವೆ ಎಂದಾದರೆ, ಆ ಶಾಪರೋನ್‌ಗಳಿಗೇ ತಡೆಯೊಡ್ಡಿ ಮಂಗನ ಕಾಯಿಲೆಗೆ ಮದ್ದು ಮಾಡಬಾರದೇಕೆ ಎಂದು ಕೇಳಿದ್ದೀರಿ. ಸಾಗರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಪಾಠ ಮಾಡುವ ನನಗೆ ಬೇಸಿಗೆ ಹತ್ತಿರವಾದಂತೆ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ನಿಮ್ಮ ಯೋಚನೆ ಸರಿಯಾಗಿದೆ. ಡೆಂಗಿಯ ಮೇಲೆ, ಪ್ರಯೋಗಾಲಯದ ಕೋಶಗಳಲ್ಲಿ ಅದು ಫಲ ಕೊಟ್ಟೂ ಇದೆ. ರೋಗಿಯ ಮೈಯಲ್ಲಿ ಮಾತ್ರ ಇನ್ನೂ ಕೊಟ್ಟಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಡೆಂಗಿ ವೈರಸ್ಸಿನ ದಾಯಾದಿ. ಎರಡೂ ಸುಮಾರು 3,400 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿಯನ್ನು ಹೆಣೆಸಿ, ಅದನ್ನು ಕತ್ತರಿಸಿ ಹತ್ತು ಪ್ರೋಟೀನು ಮಾಡಿಕೊಳ್ಳುತ್ತವೆ. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನು ಮುದ್ದೆಗಟ್ಟಿ ವ್ಯರ್ಥವಾಗುತ್ತದೆ. ಮಡಚಿಸುವ ಸಲಕರಣೆ ಇವುಗಳ ಬಳಿ ಇಲ್ಲ, ಎಲ್ಲವೂ ನಮ್ಮಿಂದ ಪಡೆದ ಎರವಲು.

ಡೆಂಗಿಯ ಹೊರಕವಚದ ‘ಇ’ ಪ್ರೋಟೀನನ್ನೇ ನೋಡಿ. ಕೋಶದೊಳಗೆ ಪ್ರೋಟೀನುಗಳು ಮಡಚಿಕೊಳ್ಳುವ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಹೊಕ್ಕ ಕೂಡಲೇ ಅದಕ್ಕೊಂದು ಸಕ್ಕರೆಯ ಕವಲು ಅಂಟುತ್ತದೆ. ಕವಲಿನ ತುದಿಯಲ್ಲಿ ಮೂರು ಗ್ಲೂಕೋಸ್. ಗ್ಲೂಕೋಸಿಡೇಸ್ ಎಂಬ ಕಿಣ್ವಗಳು ಎರಡನ್ನು ಕತ್ತರಿಸಿ ಒಂದನ್ನು ಉಳಿಸಿದಾಗ, ಆ ಒಂದನ್ನು ಗುರುತು ಹಿಡಿದು ಕ್ಯಾಲ್ನೆಕ್ಸಿನ್, ಕ್ಯಾಲ್ರೆಟಿಕ್ಯುಲಿನ್ ಎಂಬ ಶಾಪರೋನ್‌ಗಳು ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ, ಆಕಾರ ಬರುವ ತನಕ ಬಿಡುವುದಿಲ್ಲ. ಎಚ್‌ಎಸ್‌ಪಿ70 ಎಂಬ ಇನ್ನೊಂದು ಶಾಪರೋನ್, ಡೆಂಗಿ ವೈರಸ್ ಕೋಶದೊಳಗೆ ಬರುವಾಗ, ಅದರ ಆನುವಂಶಿಕ ವಸ್ತುವಾದ ಆರ್‌ಎನ್‌ಎ ನಕಲಾಗುವಾಗ, ಹೊಸ ಕಣಗಳು ಕಟ್ಟಿಕೊಳ್ಳುವಾಗ, ಮೂರೂ ಕಡೆ ಬೇಕಾಗುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಅದನ್ನು ತಡೆಯುವ ರಾಸಾಯನಿಕ ಹಾಕಿದಾಗ ವೈರಸ್ ಸೊರಗಿತು, ಕೋಶಗಳು ಬದುಕಿದವು.

ಕೋಶ ಹೇಗೆ ಬದುಕಿತು? ಅಡಿಕೆ ಕೊಯ್ಲಿನಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಊರಿನ ಅರ್ಧ ಕೊನೆಗಾರರು ಬಾರದಿದ್ದರೆ ಹತ್ತಿಪ್ಪತ್ತು ಮರದವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ವಾರದೊಳಗೆ ಇಡೀ ತೋಟದ ಕೊನೆ ಇಳಿಸಲೇಬೇಕೆಂದು ಹೊರಟವರ ಕಥೆ ಬೇರೆ. ಕೋಶದ್ದು ಮೊದಲನೆಯ ಪಾಡು, ಅವಸರದಲ್ಲಿ ರಾಶಿ ಪ್ರೋಟೀನು ಮಡಚಿಸಿಕೊಳ್ಳಬೇಕಾದ ವೈರಸ್ಸಿನದು ಎರಡನೆಯ ಪಾಡು. ಇನ್ನೊಂದು ಲಾಭವೂ ಇದೆ. ಶಾಪರೋನ್ ನಮ್ಮ ಜೀನಿನದ್ದು, ವೈರಸ್ ಅದನ್ನು ತಿದ್ದಲಾರದು. 2007ರಲ್ಲಿ ಎಚ್‌ಎಸ್‌ಪಿ90 ಎಂಬ ಮತ್ತೊಂದು ಶಾಪರೋನನ್ನು ತಡೆದು ಪೋಲಿಯೊ ವೈರಸ್ಸನ್ನು ಪರೀಕ್ಷಿಸಿದಾಗ ಔಷಧ ನಿರೋಧಕ ತಳಿಗಳು ಹುಟ್ಟಲಿಲ್ಲ.

 

ಇನ್ನು ರೋಗಿಗಳ ಮಾತು. ಮೇಲೆ ಹೇಳಿದ ಗ್ಲೂಕೋಸಿಡೇಸನ್ನು ತಡೆದು, ಶಾಪರೋನ್‌ಗಳು ವೈರಸ್ಸಿನ ಪ್ರೋಟೀನನ್ನು ಹಿಡಿಯದಂತೆ ಮಾಡುವ ಸೆಲ್ಗೋಸಿವಿರ್ ಎಂಬ ಔಷಧವನ್ನು ಸಿಂಗಪುರದಲ್ಲಿ ಡೆಂಗಿ ರೋಗಿಗಳಿಗೆ ಕೊಟ್ಟು ನೋಡಿದ್ದರು. ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಅಪಾಯವೇನೂ ಆಗಲಿಲ್ಲ, ಆದರೆ ಜ್ವರವಾಗಲಿ ರಕ್ತದಲ್ಲಿನ ವೈರಸ್ಸಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ. ಡೆಂಗಿ ರೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ಸಾಮಾನ್ಯವಾಗಿ ವೈರಸ್ ತಾನಾಗಿಯೇ ಇಳಿಮುಖವಾಗಿರುತ್ತದೆ. ತಡವಾಗಿ ಕೊಟ್ಟ ಮದ್ದಿಗೆ ಮಾಡಲು ಉಳಿದಿರುವುದು ಕಡಿಮೆ.

ಹಾಗಾಗಿ ಮಂಗನ ಕಾಯಿಲೆಗೆ ಈ ದಾರಿಯ ಗುಳಿಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ದ್ರವ ಕೊಟ್ಟು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ರೋಗಿಯನ್ನು ನೋಡಿಕೊಳ್ಳುತ್ತಾರೆ. ನೀವು ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಾದರೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು (ಉಣುಗನ್ನು ದೂರವಿಡುವ ಎಣ್ಣೆ) ಕೈಕಾಲಿಗೆ ಹಚ್ಚಿಕೊಳ್ಳಿ, ಮರಳಿದ ಮೇಲೆ ಈ ರೋಗ ಹರಡುವ ಉಣುಗು ಕಚ್ಚಿದೆಯೇ ಎಂದು ಮೈಯೆಲ್ಲ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.