ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಬಗ್ಗೆ

ಉಡುಪಿ ಜಿಲ್ಲೆಯ ಸ್ವರ್ಣಾ ನದಿಯ ದಡದ ನಿಮ್ಮ ಹಳ್ಳಿಯಲ್ಲಿ ಫೆಬ್ರವರಿ ಕಳೆದ ಮೇಲೆ ಬಾವಿ ಉಪ್ಪಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕಾರಣ ಬಹುತೇಕ ಭರತದ (ಸಮುದ್ರದ ಉಬ್ಬರದ) ನೀರು. ಹೊಳೆಯ ಹರಿವು ಕುಗ್ಗಿದಾಗ ನದಿ ಸಮುದ್ರ ಸೇರುವ ಕೋಡಿಬೆಂಗ್ರೆ ಅಳಿವೆಯಿಂದ ಸಮುದ್ರದ ನೀರು ಒಳನಾಡಿನತ್ತ ಏರಿ ಬರುತ್ತದೆ. ನಿಮ್ಮ ಬಾವಿಯನ್ನು ನೋಡದೆ ಖಚಿತವಾಗಿ ಹೇಳಲಾರೆ, ಆದ್ದರಿಂದ ಮೊದಲು ಇದನ್ನು ಮಾಡಿ: ಬೆಳಿಗ್ಗೆ ಪಂಪ್ ಹಾಕುವ ಮುನ್ನ ಒಂದು ಬಾಟಲಿ, ಒಂದು ಗಂಟೆ ಓಡಿಸಿದ ಮೇಲೆ ಇನ್ನೊಂದು ಬಾಟಲಿ ನೀರು ತೆಗೆದು ಪ್ರಯೋಗಾಲಯಕ್ಕೆ ಕೊಡಿ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು.

ಎರಡನೆಯ ಬಾಟಲಿಯಲ್ಲಿ ಉಪ್ಪು ಹೆಚ್ಚಿದ್ದರೆ ಪಂಪೇ ಅಡಿಯ ಉಪ್ಪುನೀರನ್ನು ಎಳೆಯುತ್ತಿದೆ. ಉಪ್ಪುನೀರು ಭಾರ, ತಳದಲ್ಲಿ ನಿಲ್ಲುತ್ತದೆ. ಫುಟ್‌ವಾಲ್ವನ್ನು (ಪಂಪಿನ ಪೈಪಿನ ತುದಿಯಲ್ಲಿ ನೀರು ಎಳೆಯುವ ಕವಾಟ) ಮೇಲಕ್ಕೆತ್ತಿ, ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವೇ ಓಡಿಸಿ.

ನಂತರ ಹತ್ತಿರದ ಕಿಂಡಿ ಅಣೆಕಟ್ಟಿಗೆ, ಅಂದರೆ ಕಿಂಡಿಗಳಿಗೆ ಹಲಗೆ ಹಾಕಿ ಹೊಳೆಯ ಸಿಹಿನೀರು ನಿಲ್ಲಿಸಿ ಉಪ್ಪುನೀರು ಮೇಲೇರದಂತೆ ತಡೆಯುವ ಕಟ್ಟಕ್ಕೆ, ಹೋಗಿ ನೋಡಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ನಮ್ಮೂರಿನಲ್ಲಿ ಕೆಳಗಿನ ಹಲಗೆ ಕೊಳೆತು ಬೆರಳು ತೂರುವಷ್ಟು ಸಂದಿ ಬಿದ್ದಿತ್ತು, ಎರಡು ಸಾಲು ಹಲಗೆಗಳ ನಡುವೆ ತುಂಬಿದ್ದ ಮಣ್ಣೆಲ್ಲ ಅದರಲ್ಲೇ ತೊಳೆದು ಹೋಗಿತ್ತು. ಅಂಥದ್ದು ಕಂಡರೆ ಫೋಟೋ ಸಹಿತ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ. ಹೊಳೆ ಸೊರಗುವ ಮೊದಲೇ, ಡಿಸೆಂಬರ್ ಒಳಗೆ ಹಲಗೆ ಹಾಕಬೇಕೆಂದು ಅದರಲ್ಲೇ ಬರೆಯಿರಿ.