ಕಾಲೇಜಿನ ಫಿಸಿಕಲ್ ಡೈರೆಕ್ಟರ್ ಅಂದರೆ ಪಿ.ಟಿ. ಮೇಷ್ಟ್ರೇ ತಾನೆ? ಅಮೆರಿಕದ ಅಥ್ಲೆಟಿಕ್ ಡೈರೆಕ್ಟರ್‌ಗೂ ಅವರಿಗೂ ಏನು ವ್ಯತ್ಯಾಸ?

ಅಲ್ಲ. ಶಾಲೆಯ ಪಿ.ಟಿ. ಮೇಷ್ಟ್ರ ಮುಖ್ಯ ಕೆಲಸ ಮಕ್ಕಳನ್ನು ಆಡಿಸುವುದು. ಡೈರೆಕ್ಟರ್‌ದು ಆಟ ನಡೆಯುವಂತೆ ನೋಡಿಕೊಳ್ಳುವುದು. ತಂಡದ ಆಯ್ಕೆ, ಅರ್ಹತಾ ಪತ್ರ, ಬಸ್ ಚಾರ್ಜು, ಊಟದ ಬಿಲ್ಲು, ಹಾಜರಾತಿಗಾಗಿ ಬೇರೆ ಅಧ್ಯಾಪಕರ ಹತ್ತಿರ ಅಂಗಲಾಚುವುದು, ಎಲ್ಲವೂ ಅವರ ತಲೆಗೇ.

ಕೊಡಗಿನಲ್ಲಿ ಇನ್ನೊಂದು ತಲೆನೋವು ಮಳೆ. ಜೂನ್‌ನಿಂದ ಮೈದಾನ ಗದ್ದೆಯಾಗಿರುತ್ತದೆ. ಜಗಲಿಯಲ್ಲಿ ಒದ್ದೆ ಬೂಟುಗಳ ಸಾಲು, ಒಳಗೆ ಆಯ್ಕೆ ಪಟ್ಟಿ ಹಿಡಿದ ಡೈರೆಕ್ಟರು, ಬಾಗಿಲಲ್ಲಿ ‘ಸರ್, ನನ್ ಹೆಸ್ರು ಇಲ್ವಾ?’ ಎಂದು ನಿಂತ ಹುಡುಗ. ಅವನಿಗೆ ಕಾರಣ ಹೇಳಿ ಕಳಿಸುವುದೇ ಈ ಹುದ್ದೆಯ ಅತಿ ಕಷ್ಟದ ಭಾಗ ಅಂತ ನನ್ನ ಅನಿಸಿಕೆ.

ಅಮೆರಿಕದ ಡೈರೆಕ್ಟರ್ ಹೆಚ್ಚುಕಡಿಮೆ ಒಂದು ಕಂಪನಿಯ ಮುಖ್ಯಸ್ಥರಿದ್ದಂತೆ. ಕೋಚ್‌ಗಳ ನೇಮಕ, ವಜಾ, ಟಿಕೆಟ್, ಪ್ರಾಯೋಜಕರು, ದೇಣಿಗೆ ಎಲ್ಲ ಅವರ ಕೈಯಲ್ಲಿ. 1972ರ ‘ಟೈಟಲ್ ನೈನ್’ ಕಾನೂನಿನಿಂದಾಗಿ ಹೆಣ್ಣುಮಕ್ಕಳಿಗೂ ಸಮಾನ ಅವಕಾಶ ಕೊಡಲೇಬೇಕು. (1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ, ಕುಟುಂಬಕ್ಕೊಂದು ತಂಡ ಕಟ್ಟಿ ಆಡುವ ನಮ್ಮ ಕೊಡವ ಕೌಟುಂಬಿಕ ಹಾಕಿಯಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಸ್ಟಿಕ್ ಹಿಡಿದು ಇಳಿಯುತ್ತಾರೆ, ಅದು ಬೇರೆ ಮಾತು.)

ನಮ್ಮಲ್ಲಿ ಬಹುತೇಕ ಕಾಲೇಜುಗಳಲ್ಲಿ ಪ್ರತಿ ಆಟಕ್ಕೂ ಬೇರೆ ಕೋಚ್ ಇರುವುದಿಲ್ಲ. ಹಾಕಿ, ಕಬಡ್ಡಿ, ಗುಂಡೆಸೆತ ಎಲ್ಲಕ್ಕೂ ಒಬ್ಬರೇ. ಹಾಗಾಗಿ ‘ಡೈರೆಕ್ಟರ್’ ಅನ್ನುವ ಹೆಸರು ದೊಡ್ಡದು, ಸೀಟಿ ಮಾತ್ರ ಇನ್ನೂ ಕೊರಳಲ್ಲೇ.